ಯಾವ ಶಾಲೆ ಒಳ್ಳೆಯದು? ಪಾಠವನ್ನೂ ನೋಡೋಣ, ಆಟದ ಬಿಡುವನ್ನೂ ನೋಡೋಣ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು. ಓದು ಬಲ್ಲ ಒಬ್ಬ ಸದಸ್ಯೆ ಗಟ್ಟಿಯಾಗಿ ಓದಲಿ. ಉಳಿದವರು ನಡುನಡುವೆ ನಿಲ್ಲಿಸಿ ಮಾತಾಡಲಿ. ಒಂದೇ ಸಭೆಯಲ್ಲಿ ಮುಗಿಯದಿದ್ದರೆ ಎರಡು ಸಭೆ ಆಗಲಿ.)



ಜೂನ್ ತಿಂಗಳು ಬಂತೆಂದರೆ ನಮ್ಮ ಹಚ್ಚೊಳ್ಳಿ ಹೋಬಳಿಯ ಸಂಘಗಳಲ್ಲಿ ಎರಡು ಥರದ ಸಾಲದ ಅರ್ಜಿ ಬರುತ್ತವೆ. ಒಂದು ಬೀಜ ಗೊಬ್ಬರಕ್ಕೆ, ಇನ್ನೊಂದು ಮಕ್ಕಳ ಶಾಲೆ ಫೀಸಿಗೆ. ಬೀಜಕ್ಕೆ ಸಾಲ ಕೇಳಿದರೆ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಎಷ್ಟು ಎಕರೆ? ಸ್ವಂತದ್ದೋ ಲಾವಣಿಯೋ? ಕಾಲುವೆ ನೀರು ಕೊನೇ ತನಕ ಬರ್ತದಾ? ಫೀಸಿಗೆ ಸಾಲ ಕೇಳಿದರೆ ಮಾತ್ರ ಒಂದು ಪ್ರಶ್ನೆಯೂ ಇಲ್ಲ. "ಮಕ್ಕಳ ಓದಿಗೆ ಅಲ್ಲೇನ್ರಿ, ಕೊಟ್ಟುಬಿಡ್ರಿ" ಅನ್ನುತ್ತೇವೆ, ಸಹಿ ಹಾಕುತ್ತೇವೆ.

ಮಕ್ಕಳ ಓದಿಗೆ ದುಡ್ಡು ಹಾಕುವುದು ತಪ್ಪಲ್ಲ. ಆದರೆ ಯಾವ ಓದಿಗೆ ಹಾಕುತ್ತಿದ್ದೇವೆ, ಮಗು ಆ ಶಾಲೆಯಲ್ಲಿ ಇಡೀ ದಿನ ಏನು ಮಾಡುತ್ತದೆ, ಅದಕ್ಕೆ ಓದಲು ಬರುತ್ತದೆಯೇ, ಆಡಲು ಬಿಡುತ್ತಾರೆಯೇ ಎಂದು ಕೇಳಬೇಕಲ್ಲವೇ? ಈ ಪಾಠದಲ್ಲಿ ಅದನ್ನೇ ಕಲಿಯೋಣ.

1. ಇಬ್ಬರು ತಾಯಂದಿರ ಮಾತು

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. ಹಲವು ಸಂಘಗಳಲ್ಲಿ ಕೇಳಿಬರುವ ಮಾತು.

ಒಬ್ಬ ತಾಯಿ ಹೇಳುತ್ತಾಳೆ: "ನನ್ನ ಮಗನ್ನ ಇಂಗ್ಲಿಷ್ ಮೀಡಿಯಂಗೆ ಹಾಕೀನಿ. ಮುಂಜಾನೆ ಏಳೂವರೆಗೆ ವ್ಯಾನ್ ಬರ್ತದ. ಸಂಜಿಕೆ ಐದೂವರೆಗೆ ತಂದು ಬಿಡ್ತದ. ಬಂದ ಮ್ಯಾಲೆ ಎರಡು ತಾಸು ಟ್ಯೂಷನ್. ರಾತ್ರಿ ಊಟ ಮಾಡ್ತಾ ಮಾಡ್ತಾನೇ ನಿದ್ದಿ ಹೋಗ್ತಾನ. ಅಷ್ಟು ಓದಿಸ್ತಾರ್ರಿ!"

ಇನ್ನೊಬ್ಬಳು ಹೇಳುತ್ತಾಳೆ: "ನಮ್ಮ ಹುಡುಗಿ ಸರ್ಕಾರಿ ಶಾಲಿಗೆ ಹೋಗ್ತಾಳ. ನಾನು ಆ ಕಡೆ ಹೋದಾಗೆಲ್ಲ ಬಯಲಾಗ ಆಡ್ತಿರ್ತಾಳ. ಪಾಠ ಯಾವಾಗ ಮಾಡ್ತಾರೋ ಏನೋ. ನನ್ನ ಹತ್ರ ದುಡ್ಡಿಲ್ಲ, ಅದಕ್ಕ ಅಲ್ಲಿ ಬಿಟ್ಟೀನಿ."

ಮೊದಲನೆಯವಳ ಮಾತಿನಲ್ಲಿ ಹೆಮ್ಮೆ ಇದೆ, ಎರಡನೆಯವಳ ಮಾತಿನಲ್ಲಿ ನಾಚಿಕೆ ಇದೆ. ಇಬ್ಬರ ಲೆಕ್ಕವೂ ಒಂದೇ: ಹೆಚ್ಚು ಹೊತ್ತು ಕೂತರೆ ಹೆಚ್ಚು ಓದು, ಆಡಿದರೆ ಓದು ಹಾಳು. ಈ ಲೆಕ್ಕ ಸರಿಯೇ?

2. ಮಗು ಎಷ್ಟು ಹೊತ್ತು ಕೂತಿರಬೇಕು?

ಮೊದಲನೆಯ ಮಗುವಿನ ದಿನ ಎಣಿಸೋಣ. ಏಳೂವರೆಯಿಂದ ಐದೂವರೆಗೆ ಹತ್ತು ತಾಸು. ಟ್ಯೂಷನ್ ಸೇರಿದರೆ ಹನ್ನೆರಡು ತಾಸು. ನಾವು ದೊಡ್ಡವರು ನಾಟಿ ಹಚ್ಚಲಿಕ್ಕೆ ಹೋದರೂ ಹನ್ನೆರಡು ತಾಸು ದುಡಿಯುವುದಿಲ್ಲ. ದುಡಿ ಅಂದರೆ ಜಗಳ ತೆಗೆಯುತ್ತೇವೆ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. 6ರಿಂದ 8ನೇ ತರಗತಿಗೆ 220 ದಿನ, 1,000 ಗಂಟೆ. ಭಾಗಿಸಿ ನೋಡಿ. ಸಣ್ಣ ಮಕ್ಕಳಿಗೆ ದಿನಕ್ಕೆ 4 ಗಂಟೆ, ದೊಡ್ಡ ಮಕ್ಕಳಿಗೆ ಸುಮಾರು ನಾಲ್ಕೂವರೆ ಗಂಟೆ. ಇದು ಕನಿಷ್ಠ ಮಿತಿ, ಇದಕ್ಕಿಂತ ಸ್ವಲ್ಪ ಹೆಚ್ಚಾದರೂ ತಪ್ಪಿಲ್ಲ. ಆದರೆ ನಿಜವಾದ ಪಾಠ ನಾಲ್ಕು ಗಂಟೆ ನಡೆದರೆ ಸಣ್ಣ ಮಗು ಕಲಿಯಬಲ್ಲದು ಎಂಬ ಅಂದಾಜು ಈ ಲೆಕ್ಕದಲ್ಲಿದೆ. "ನಿಜವಾದ ಪಾಠ" ಅನ್ನುವ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮನೆಗೆ ಕೊಡುವ ಬರವಣಿಗೆ, ಹೊರುವ ಚೀಲದ ಬಗ್ಗೆಯೂ ಆದೇಶ ಇದೆ. 2019ರಲ್ಲಿ ಕರ್ನಾಟಕ ಶಿಕ್ಷಣ ಇಲಾಖೆ 1 ಮತ್ತು 2ನೇ ತರಗತಿಯ ಮಕ್ಕಳಿಗೆ ಮನೆಗೆಲಸ ಕೊಡಬಾರದು, ಅವರ ಚೀಲ 2 ಕಿಲೋ ಮೀರಬಾರದು ಎಂದು ಹೇಳಿತು. 3ರಿಂದ 5ನೇ ತರಗತಿಗೆ 3 ಕಿಲೋ, 6ರಿಂದ 8ಕ್ಕೆ 4 ಕಿಲೋ ಮಿತಿ. ಇವತ್ತು ಮನೆಗೆ ಹೋಗಿ ಮಗುವಿನ ಚೀಲವನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ನೋಡಿ.

3. ಪಾಠದಲ್ಲಿ ಯಾರು ಮುಂದೆ?

"ಅದೆಲ್ಲ ಸರಿ, ಫಲಿತಾಂಶ ನೋಡ್ರಿ" ಅಂತ ನೀವು ಕೇಳಬಹುದು. ನೋಡೋಣ.

2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಸರ್ಕಾರಿ ಶಾಲೆಗಳಲ್ಲಿ ನೂರಕ್ಕೆ ಸುಮಾರು 72 ಮಕ್ಕಳು ಪಾಸಾದರು. ಅನುದಾನವಿಲ್ಲದ ಖಾಸಗಿ ಶಾಲೆಗಳಲ್ಲಿ ಸುಮಾರು 86. ಖಾಸಗಿ ಮುಂದಿದೆ, ಸುಳ್ಳಲ್ಲ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು ಪರೀಕ್ಷಿಸುವ 'ಅಸರ್' ಎಂಬ ದೇಶವ್ಯಾಪಿ ಸಮೀಕ್ಷೆ ಇದೆ. 2024ರಲ್ಲಿ ಅದು ಕಂಡದ್ದು ಹೀಗೆ: ಸರ್ಕಾರಿ ಶಾಲೆಯ 5ನೇ ತರಗತಿ ಮಕ್ಕಳಲ್ಲಿ ನೂರಕ್ಕೆ ಸುಮಾರು 45 ಮಂದಿಗೆ 2ನೇ ತರಗತಿಯ ಪುಸ್ತಕ ಓದಲು ಬರುತ್ತದೆ. ಖಾಸಗಿ ಶಾಲೆಯಲ್ಲಿ ಸುಮಾರು 59 ಮಂದಿಗೆ ಬರುತ್ತದೆ.

ಈ ಅಂಕಿಯನ್ನು ತಿರುಗಿಸಿ ನೋಡಿ. ಫೀಸು ಕಟ್ಟಿ, ವ್ಯಾನ್ ಹತ್ತಿಸಿ, ಐದು ವರ್ಷ ಕಳಿಸಿದ ಮೇಲೂ ಹತ್ತರಲ್ಲಿ ನಾಲ್ಕು ಮಕ್ಕಳಿಗೆ 2ನೇ ತರಗತಿಯ ಪಾಠ ಓದಲು ಬರುತ್ತಿಲ್ಲ. ಸರ್ಕಾರಿ ಶಾಲೆಯಲ್ಲಿ ಹತ್ತರಲ್ಲಿ ಐದಕ್ಕೂ ಹೆಚ್ಚು ಮಕ್ಕಳಿಗೆ ಬರುತ್ತಿಲ್ಲ. ಯಾವ ಕಡೆ ಹಾಕಿದರೂ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ಇನ್ನೊಂದು ಮಾತು. ಕಾಲುವೆ ಕೆಳಗಿನ ಹೊಲದಲ್ಲಿ ಹೆಚ್ಚು ಭತ್ತ ಬಂತು, ಮಳೆ ನಂಬಿದ ಹೊಲದಲ್ಲಿ ಕಡಿಮೆ ಬಂತು ಅಂದರೆ ನಾವು ಬೀಜವನ್ನೇ ಹೊಗಳುತ್ತೇವೆಯೇ? ನೀರನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಖಾಸಗಿ ಶಾಲೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಓದಿದವರು ಇರುತ್ತಾರೆ, ಟ್ಯೂಷನ್ ಇರುತ್ತದೆ. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಆ ಮಕ್ಕಳನ್ನು ಯಾರೂ ಹೊಲಕ್ಕೆ ಕರೆದುಕೊಂಡು ಹೋಗುವುದಿಲ್ಲ. ಹಾಗಾದರೆ ಶಾಲೆಯ ಪಾಲು ಎಷ್ಟು, ಮನೆಯ ಪಾಲು ಎಷ್ಟು?

ಇದನ್ನು ತಿಳಿಯಲು ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲೇ ಒಂದು ದೊಡ್ಡ ಪ್ರಯೋಗ ನಡೆಯಿತು. ಆಗಿನ್ನೂ ತೆಲಂಗಾಣ ಬೇರೆಯಾಗಿರಲಿಲ್ಲ. 2008ರಿಂದ 2012ರ ತನಕ 180 ಹಳ್ಳಿಗಳನ್ನು ಆರಿಸಿಕೊಂಡರು. ಸರ್ಕಾರಿ ಶಾಲೆಯ ಮಕ್ಕಳ ಪೈಕಿ ಖಾಸಗಿ ಶಾಲೆಗೆ ಹೋಗಲು ಇಷ್ಟಪಟ್ಟವರ ಹೆಸರು ಬರೆಸಿಕೊಂಡು, ನಾವು ಚೀಟಿ ಎತ್ತುವ ಹಾಗೆ ಚೀಟಿ ಎತ್ತಿದರು. ಚೀಟಿ ಬಂದ ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಕೊಟ್ಟರು. ಬಾರದ ಮಕ್ಕಳು ಇದ್ದಲ್ಲೇ ಓದಿದರು. ಹೀಗಾಗಿ ಎರಡೂ ಕಡೆ ಒಂದೇ ಥರದ ಮನೆಯ ಮಕ್ಕಳು. ನಾಲ್ಕು ವರ್ಷದ ಮೇಲೆ ಪರೀಕ್ಷೆ ಮಾಡಿದಾಗ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪು ಸಮವಾಗಿದ್ದವು. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಗೆ ಹೋದವರು ಸ್ಪಷ್ಟವಾಗಿ ಮುಂದಿದ್ದರು, ಏಕೆಂದರೆ ಅಲ್ಲಿ ಹಿಂದಿ ಕಲಿಸುತ್ತಿದ್ದರು. ಖಾಸಗಿ ಶಾಲೆಯ ದಿನ ಉದ್ದ ಇತ್ತು, ಆದರೂ ಮುಖ್ಯ ವಿಷಯದಲ್ಲಿ ಫಲ ಅಷ್ಟೇ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2015ರಲ್ಲಿ ಇದನ್ನು ಪ್ರಕಟಿಸಿದರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಆ ಖಾಸಗಿ ಶಾಲೆಗಳು ಸರ್ಕಾರ ಒಂದು ಮಗುವಿಗೆ ಮಾಡುವ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ ಅಷ್ಟು ಕಲಿಸಿದ್ದವು. ತೆಲುಗು, ಗಣಿತಕ್ಕೆ ಕೊಟ್ಟ ಹೊತ್ತೂ ಕಡಿಮೆಯೇ. ಆದ್ದರಿಂದ ಖಾಸಗಿ ಶಾಲೆ ಎಲ್ಲವೂ ಮೋಸ ಅನ್ನುವಂತಿಲ್ಲ, ಸರ್ಕಾರಿ ಶಾಲೆ ಎಲ್ಲವೂ ಹಾಳು ಅನ್ನುವಂತಿಲ್ಲ. ಬೋರ್ಡು ನೋಡಿ ತೀರ್ಮಾನ ಮಾಡಬಾರದು. "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂದು ಹಿರಿಯರು ಹೇಳಿದ್ದಾರೆ.

4. ಆಟದ ಬಿಡುವು ಯಾಕೆ ಬೇಕು?

ಎತ್ತು ಕೂಡ ನೊಗ ಇಳಿಸಿದ ಮೇಲೆ ಮೆಲುಕು ಹಾಕುತ್ತದೆ. ತಿಂದದ್ದು ಮೈಗೆ ಹತ್ತುವುದು ಆಗಲೇ. ಮಗುವಿನ ತಲೆಯೂ ಹಾಗೆಯೇ. ನಲವತ್ತು ಐವತ್ತು ನಿಮಿಷ ಕೂತು ಕೇಳಿದ ಮೇಲೆ ಗಮನ ಸಡಿಲಾಗುತ್ತದೆ. ಆಗ ಹೊರಗೆ ಬಿಟ್ಟರೆ ಮಗು ಓಡುತ್ತದೆ, ಕೂಗುತ್ತದೆ, ನೀರು ಕುಡಿಯುತ್ತದೆ, ಮೂತ್ರಕ್ಕೆ ಹೋಗುತ್ತದೆ. ಮತ್ತೆ ಒಳಗೆ ಬಂದಾಗ ಕಿವಿ ತೆರೆದಿರುತ್ತದೆ.

ಓದಿನಲ್ಲಿ ಹೆಸರು ಮಾಡಿದ ಫಿನ್ಲೆಂಡ್ ದೇಶದ ಶಾಲೆಗಳಲ್ಲಿ 45 ನಿಮಿಷ ಪಾಠ ಆದ ಮೇಲೆ 15 ನಿಮಿಷ ಬಿಡುವು ಕೊಡುವುದು ರೂಢಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2013ರಲ್ಲಿ ಒಂದು ಹೇಳಿಕೆ ಕೊಟ್ಟಿತು. ಶಿಕ್ಷೆಗಾಗಿಯಾಗಲಿ, ಹೆಚ್ಚು ಪಾಠ ಮಾಡಲಿಕ್ಕಾಗಲಿ ಮಗುವಿನ ಬಿಡುವನ್ನು ಕಸಿಯಬಾರದು ಎಂಬುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ವಿಶ್ರಾಂತಿ ಮತ್ತು ಆಟ ಮಗುವಿನ ಹಕ್ಕು ಎಂದೇ ಬರೆದಿದೆ. ನಮ್ಮ ದೇಶ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲೂ ಈ ವಿಚಾರ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಶುರುವಾದ 'ನಲಿ-ಕಲಿ' ಪದ್ಧತಿ ಕಾರ್ಡು, ಹಾಡು, ಆಟಗಳಿಂದ ಕಲಿಸುತ್ತದೆ. 2009-10ರಿಂದ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ತಂದರು. ಮಗು ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡಿದಿದ್ದರೆ "ಆಡ್ತಾ ಕೂತಾವ" ಅಂತ ಬೈಯಬೇಡಿ. ಅದು ಪಾಠವೇ.

ಆಟದಲ್ಲಿ ಮಗು ಪುಸ್ತಕದಲ್ಲಿ ಸಿಗದ್ದನ್ನೂ ಕಲಿಯುತ್ತದೆ. ಲಗೋರಿಯಲ್ಲಿ ಗುರಿ, ಖೋ ಖೋದಲ್ಲಿ ಚುರುಕು, ಚೌಕಾಬಾರದಲ್ಲಿ ಲೆಕ್ಕ. ಸೋತರೆ ತಡೆದುಕೊಳ್ಳುವುದು, ಸರದಿ ಕಾಯುವುದು, ಬೇರೆ ಓಣಿಯ ಮಗುವಿನ ಕೈ ಹಿಡಿಯುವುದು. ಹೊರಗೆ ಯಾರು ಯಾರ ಮನೆಗೆ ಹೋಗುವುದಿಲ್ಲವೋ ಅವರ ಮಕ್ಕಳು ಕಬಡ್ಡಿಯಲ್ಲಿ ಒಂದೇ ತಂಡದಲ್ಲಿ ಇರುತ್ತಾರೆ. ಇದು ಸಣ್ಣ ಪಾಠವಲ್ಲ.

5. ಹೆಣ್ಣುಮಕ್ಕಳಿಗೆ ಇರುವುದು ಇದೊಂದೇ ಬಿಡುವು

ಇಲ್ಲಿ ಸ್ವಲ್ಪ ನಿಲ್ಲಿಸಿ. ಪ್ರತಿಯೊಬ್ಬರೂ ನೆನಪು ಮಾಡಿಕೊಳ್ಳಿ. ನೀವು ಕುಂಟಾಬಿಲ್ಲೆ ಆಡುವುದನ್ನು ನಿಲ್ಲಿಸಿದಾಗ ನಿಮಗೆ ಎಷ್ಟು ವಯಸ್ಸು? ಯಾರು ನಿಲ್ಲಿಸಿದರು?

ಗಂಡು ಹುಡುಗ ಶಾಲೆ ಬಿಟ್ಟ ಮೇಲೆ ಚೀಲ ಎಸೆದು ಬಯಲಿಗೆ ಓಡುತ್ತಾನೆ. ಹೆಣ್ಣುಮಗು ಕೊಡ ಹಿಡಿಯುತ್ತದೆ, ತಮ್ಮನನ್ನು ಎತ್ತಿಕೊಳ್ಳುತ್ತದೆ, ಪಾತ್ರೆ ತೊಳೆಯುತ್ತದೆ. ಹತ್ತು ಹನ್ನೊಂದು ವರ್ಷ ದಾಟಿದರೆ "ದೊಡ್ಡಾಕಿ ಆದಿ, ಬೀದ್ಯಾಗ ಏನು ಕುಣಿತಿ" ಅನ್ನುತ್ತೇವೆ. ಅಂದರೆ ಅವಳಿಗೆ ಆಟ ಅಂತ ಉಳಿದಿರುವುದು ಶಾಲೆಯ ಬಿಡುವಿನ ವೇಳೆ ಮಾತ್ರ. ಶಾಲೆ ಅದನ್ನೂ ಕಿತ್ತುಕೊಂಡರೆ ಅವಳ ಬಾಲ್ಯವೇ ಮುಗಿಯಿತು.

ಬಿಡುವು ಇದ್ದರೂ ಶೌಚಾಲಯ ಇಲ್ಲದಿದ್ದರೆ ಹೆಣ್ಣುಮಗುವಿಗೆ ಅದು ಬಿಡುವಲ್ಲ. ಮೂತ್ರ ತಡೆದುಕೊಳ್ಳುತ್ತಾಳೆ, ಮೂತ್ರ ಬಂದೀತೆಂದು ನೀರೇ ಕುಡಿಯುವುದಿಲ್ಲ. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಅದು ಎಷ್ಟು ಅಪಾಯ ಎಂದು ಹೇಳಬೇಕಾಗಿಲ್ಲ. ಗಂಡು ಮತ್ತು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಆಟದ ಮೈದಾನ, ಆಟದ ಸಾಮಾನು – ಇವೆಲ್ಲ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲೇ ಇವೆ. ಈ ಪಟ್ಟಿ ಸರ್ಕಾರಿ ಶಾಲೆಗೂ ಅನ್ವಯಿಸುತ್ತದೆ, ಖಾಸಗಿ ಶಾಲೆಗೂ ಅನ್ವಯಿಸುತ್ತದೆ.

ಊಟದ ಬಿಡುವನ್ನೂ ಮರೆಯಬಾರದು. 'ಅಕ್ಷರ ದಾಸೋಹ' 2002ರ ಜೂನ್‌ನಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಬಳ್ಳಾರಿಯೂ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆಯನ್ನೂ ಮೊದಲು ಕೊಟ್ಟದ್ದು ನಮ್ಮ ಭಾಗದ ಮಕ್ಕಳಿಗೇ. ಸರ್ಕಾರಿ ಶಾಲೆಯ ಮಗು ಬಿಸಿ ಊಟ ಮಾಡಿ, ಜೊತೆಗಾರರ ಸಂಗಡ ಆಡಿ, ಮಧ್ಯಾಹ್ನದ ಪಾಠಕ್ಕೆ ಕೂರುತ್ತದೆ. ವ್ಯಾನಿನಲ್ಲಿ ಹೋದ ಮಗು ಬೆಳಗ್ಗೆ ಏಳಕ್ಕೆ ಕಟ್ಟಿದ ಡಬ್ಬಿ ತಿನ್ನುತ್ತದೆ. ಇದನ್ನೂ ತಕ್ಕಡಿಗೆ ಹಾಕಿ.

6. ಸರ್ಕಾರಿ ಶಾಲೆಯ ದೋಷ ಮುಚ್ಚಿಡುವುದು ಬೇಡ

ಮೇಷ್ಟ್ರು ಇಲ್ಲದ ತರಗತಿಯನ್ನು ಆಟದ ಬಿಡುವು ಅನ್ನಬಾರದು. ಎರಡನೆಯ ತಾಯಿ "ಯಾವಾಗ ನೋಡಿದ್ರೂ ಬಯಲಾಗ ಇರ್ತಾಳ" ಅಂದಳಲ್ಲ, ಅದು ಬಿಡುವಿನ ಗಂಟೆಯೋ, ಪಾಠದ ಹೊತ್ತಿನಲ್ಲಿ ಮೇಷ್ಟ್ರು ಇಲ್ಲದೆ ಬಿಟ್ಟದ್ದೋ? ಇದನ್ನು ಆ ತಾಯಿ ವಿಚಾರಿಸಲೇ ಇಲ್ಲ.

ಕಲ್ಯಾಣ ಕರ್ನಾಟಕದಲ್ಲಿ ಶಿಕ್ಷಕರ ಹುದ್ದೆ ಖಾಲಿ ಇರುವುದು ಹಳೆಯ ರೋಗ. ಅತಿಥಿ ಶಿಕ್ಷಕರು ಬರುವ ತನಕ ಒಬ್ಬರೇ ಎರಡು ಮೂರು ತರಗತಿ ನೋಡುತ್ತಾರೆ. ಸಮೀಕ್ಷೆ, ಚುನಾವಣೆ ಬಂದರೆ ಅವರನ್ನೇ ಕಳಿಸುತ್ತಾರೆ. 2025ರ ದಸರಾ ಹೊತ್ತಿಗೆ ಜಾತಿ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ, ಶಾಲೆಯ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದದ್ದು ನಮಗೆ ಗೊತ್ತೇ ಇದೆ. ಹೀಗಾದರೆ 800 ಗಂಟೆಯ ನಿಜವಾದ ಪಾಠ ಎಲ್ಲಿಂದ ಬರಬೇಕು?

ಮೈದಾನ ಇದ್ದರೂ ಕಾಂಪೌಂಡು ಇರುವುದಿಲ್ಲ. ದನ ನುಗ್ಗುತ್ತವೆ. ಸುಗ್ಗಿ ಬಂದರೆ ಶಾಲೆ ಬಯಲಲ್ಲೇ ಭತ್ತ, ಮೆಣಸಿನಕಾಯಿ ಒಣಗಿಸುತ್ತೇವೆ. ಇದು ನಮ್ಮದೇ ತಪ್ಪು, ಮೇಷ್ಟ್ರದ್ದಲ್ಲ.

ಖಾಸಗಿ ಕಡೆಯೂ ದೋಷ ಇದೆ. ಕೆಲವು ಕಡೆ ಬಾಡಿಗೆ ಮನೆಯಲ್ಲೇ ಶಾಲೆ ನಡೆಯುತ್ತದೆ, ಮಕ್ಕಳು ಕಾಲು ಚಾಚಲು ಅಂಗಳವೇ ಇಲ್ಲ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಬರೆದಿರುತ್ತದೆ, ಆ ಹೊತ್ತಿಗೆ ಗಣಿತ ಬರೆಸುತ್ತಾರೆ. ಹೋಂವರ್ಕ್ ಮಾಡದಿದ್ದರೆ ಬಿಡುವಿನಲ್ಲಿ ಒಳಗೇ ಕೂರಿಸುತ್ತಾರೆ. ಕಡಿಮೆ ಸಂಬಳದ ಟೀಚರು ವರ್ಷದ ನಡುವೆ ಬಿಟ್ಟು ಹೋಗುತ್ತಾರೆ. ಮಗು ಇಂಗ್ಲಿಷ್ ಪದ್ಯ ಗಿಳಿಯಂತೆ ಒಪ್ಪಿಸುತ್ತದೆ, ಅರ್ಥ ಕೇಳಿದರೆ ನಮ್ಮ ಮುಖ ನೋಡುತ್ತದೆ. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಯ ನಡುವೆ ಸಿಕ್ಕಿದ ಗಡಿಭಾಗದ ಮಗುವಿಗೆ ಇದು ಇನ್ನೂ ಕಷ್ಟ.

ಇಂಗ್ಲಿಷ್ ಬೇಕೆಂಬ ನಿಮ್ಮ ಆಸೆ ನ್ಯಾಯವಾದದ್ದು. ಸರ್ಕಾರಿ ಶಾಲೆಯಲ್ಲೂ 2007-08ರಿಂದ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಶುರುವಾಯಿತು. ಅದನ್ನು ಚೆನ್ನಾಗಿ ಕಲಿಸಿ ಎಂದು ಕೇಳುವ ಹಕ್ಕು ನಮಗಿದೆ.

7. ಸಂಘದ ಲೆಕ್ಕದ ಪುಸ್ತಕದಲ್ಲಿ

ಒಂದು ಉದಾಹರಣೆ ಹಾಕೋಣ. ಅಂಕಿ ನಿಮ್ಮ ಊರಿನದ್ದು ನೀವೇ ಬರೆದುಕೊಳ್ಳಿ, ಲೆಕ್ಕದ ದಾರಿ ಮಾತ್ರ ಇದು.

ಫೀಸು 15,000 ರೂಪಾಯಿ. ವ್ಯಾನಿಗೆ ತಿಂಗಳಿಗೆ 600ರಂತೆ ಹತ್ತು ತಿಂಗಳಿಗೆ 6,000. ಪುಸ್ತಕ, ಬಟ್ಟೆ, ಬೂಟಿಗೆ 4,000. ಒಟ್ಟು 25,000. ಇದನ್ನು ಸಂಘದಲ್ಲಿ ತಿಂಗಳಿಗೆ ನೂರಕ್ಕೆ 2ರ ಬಡ್ಡಿಗೆ ತೆಗೆದು, ತಿಂಗಳಿಗೆ 2,500 ಅಸಲು ಕಟ್ಟುತ್ತಾ ಹೋದರೆ ಹತ್ತು ತಿಂಗಳಿಗೆ ಬಡ್ಡಿ 2,750. ಒಟ್ಟು 27,750. ದಿನದ ಕೂಲಿ 300 ಅಂತ ಇಟ್ಟುಕೊಂಡರೆ 92 ದಿನಕ್ಕೂ ಮೀರಿದ ದುಡಿಮೆ. ಅದೂ ಒಂದು ಮಗುವಿಗೆ, ಒಂದು ವರ್ಷಕ್ಕೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಈ ಸಲ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಇಡೀ ಸಿರುಗುಪ್ಪ ತಾಲ್ಲೂಕು ನಿದ್ದೆಗೆಟ್ಟಿತ್ತು. ನೀರು ಬರಲಿ ಬಿಡಲಿ, ಫೀಸಿನ ಕಂತು ನಿಲ್ಲುವುದಿಲ್ಲ. ಕಟ್ಟಲಾಗದೆ ನಡುವೆ ಮಗುವನ್ನು ಬಿಡಿಸಿದರೆ ಮಗು ಎರಡೂ ಕಡೆ ಇಲ್ಲದಂತಾಗುತ್ತದೆ. ಇನ್ನೊಂದು ಅನ್ಯಾಯವೂ ನಡೆಯುತ್ತದೆ: ಒಂದೇ ಫೀಸಿಗೆ ದುಡ್ಡಿದ್ದಾಗ ಮಗ ವ್ಯಾನ್ ಹತ್ತುತ್ತಾನೆ, ಮಗಳು ನಡೆದು ಹೋಗುತ್ತಾಳೆ. ಆ ತೀರ್ಮಾನ ಮಾಡಿದ್ದು ಯಾರು ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ನೂರಕ್ಕೆ 25 ಉಚಿತ ಸೀಟು ಇದೆ ಎಂದು ಕೇಳಿರುತ್ತೀರಿ. 2019ರಲ್ಲಿ ರಾಜ್ಯದ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದ ಕಡೆ ಖಾಸಗಿ ಶಾಲೆಯ ಉಚಿತ ಸೀಟು ನಿಂತಿತು. ಅಂಥ ಸೀಟು ಕೊಡಿಸುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸಿರುಗುಪ್ಪದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

8. ತಾಯಿಯೇ ಮಾಡುವ ಪರೀಕ್ಷೆ

ಓದು ಬಾರದ ತಾಯಿಯೂ ಇದನ್ನು ಮಾಡಬಹುದು.

ಓದು: 3ನೇ ತರಗತಿ ದಾಟಿದ ಮಗುವಿಗೆ ಈ ಹಾಳೆಯ ಒಂದು ಪ್ಯಾರಾ ಕೊಡಿ. ಓದಲಿ, ಆಮೇಲೆ ತನ್ನ ಮಾತಿನಲ್ಲಿ ಹೇಳಲಿ. ಓದಿದ್ದು ಸರಿಯೋ ತಪ್ಪೋ ಎಂದು ಸಂಘದ ಓದು ಬಲ್ಲ ಸದಸ್ಯೆ ನೋಡಲಿ.

ಲೆಕ್ಕ: "35 ರೂಪಾಯಿ ಸಾಮಾನು ತಂದೆ, 100 ಕೊಟ್ಟೆ, ಎಷ್ಟು ಚಿಲ್ಲರೆ?" 5ನೇ ತರಗತಿ ದಾಟಿದ್ದರೆ ನಿಮ್ಮ ಸಂಘದ ಪಾಸ್‌ಪುಸ್ತಕ ಕೊಟ್ಟು "1,500 ರೂಪಾಯಿಗೆ ನೂರಕ್ಕೆ 2ರಂತೆ ಒಂದು ತಿಂಗಳ ಬಡ್ಡಿ ಎಷ್ಟು?" ಅನ್ನಿ. ಉತ್ತರ 30.

ಇಂಗ್ಲಿಷ್: ಪುಸ್ತಕದ ಒಂದು ಸಾಲು ಓದಿಸಿ, ಅದನ್ನು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಲಿ.

ಆಟ: "ಇವತ್ತು ಬಿಡುವಿನಲ್ಲಿ ಏನು ಆಡಿದಿ? ಯಾರ ಸಂಗಡ?" ಎಂದು ಕೇಳಿ. ಒಂದು ವಾರ ದಿನಾ ಕೇಳಿ. ಉತ್ತರವೇ ಇಲ್ಲದಿದ್ದರೆ ಶಾಲೆಗೆ ಹೋಗಿ ವಿಚಾರಿಸಿ.

ಶಾಲೆಗೆ ಹೋದಾಗ ಇಷ್ಟು ನೋಡಿ: ದಿನಕ್ಕೆ ಎಷ್ಟು ಸಲ ಬಿಡುವಿನ ಗಂಟೆ ಹೊಡೆಯುತ್ತಾರೆ? ಆಡಲು ಜಾಗ ಇದೆಯೇ? ಹೆಣ್ಣುಮಕ್ಕಳ ಶೌಚಾಲಯದ ಬೀಗ ತೆಗೆದಿದೆಯೇ, ಒಳಗೆ ನೀರಿದೆಯೇ? ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಕಾನೂನಿನ ಪ್ರಕಾರ 5ನೇ ತರಗತಿ ತನಕ 30 ಮಕ್ಕಳಿಗೆ ಒಬ್ಬರು ಇರಬೇಕು. ಹೋದ ವರ್ಷದ ಟೀಚರು ಈ ವರ್ಷವೂ ಇದ್ದಾರೆಯೇ?

9. ನಮ್ಮ ಕೈಯಲ್ಲಿ ಏನಿದೆ?

ಸರ್ಕಾರಿ ಶಾಲೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ನಮ್ಮ ರಾಜ್ಯದಲ್ಲಿ ಇದು 2001ರಿಂದ ಇದೆ. ಕೇಂದ್ರದ ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಯರು, ಒಟ್ಟಿನಲ್ಲಿ ಅರ್ಧ ಮಹಿಳೆಯರು ಇರಬೇಕು. ನಿಮ್ಮ ಊರಿನ ಸಮಿತಿಯ ಮಹಿಳಾ ಸದಸ್ಯೆಯರು ಸಭೆಗೆ ಹೋಗುತ್ತಾರೋ, ಇಲ್ಲ ಪುಸ್ತಕ ಮನೆಗೇ ಬಂದು ಸಹಿ ಆಗುತ್ತದೋ? ಮೇಷ್ಟ್ರ ಹಾಜರಿ, ಊಟ, ಶೌಚಾಲಯ, ಮೈದಾನ ಇವೆಲ್ಲವನ್ನೂ ಕೇಳುವ ಅಧಿಕಾರ ಆ ಸಮಿತಿಗೆ ಇದೆ. ಶಿಕ್ಷಕರ ಮೇಲೆ ಜಗಳಕ್ಕೆ ಹೋಗುವುದು ಬೇಡ. ಹುದ್ದೆ ಖಾಲಿ ಇದ್ದರೆ ಅವರ ಜೊತೆ ನಿಂತು ಮೇಲಿನವರಿಗೆ ಅರ್ಜಿ ಕೊಡೋಣ.

ಯಾವ ಶಾಲೆಯಲ್ಲೂ ಮಗುವನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಮಾಡುವಂತಿಲ್ಲ. ಕಾಯ್ದೆಯ 17ನೇ ಕಲಮು ಹಾಗೆ ಹೇಳುತ್ತದೆ. ತೊಂದರೆ ಇದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು, ಖರ್ಚಿಲ್ಲ.

ಖಾಸಗಿ ಶಾಲೆಯಿಂದ ಬಿಡಿಸಿದರೆ ಟಿ.ಸಿ. ಸಿಗುವುದಿಲ್ಲ ಎಂದು ಹೆದರುವವರು ಬಹಳ. 8ನೇ ತರಗತಿಯ ತನಕ, ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ.

ಖಾಸಗಿ ಶಾಲೆಗೆ ಕಳಿಸುವ ತಾಯಂದಿರೂ ಸುಮ್ಮನಿರಬೇಡಿ. ಹತ್ತು ಜನ ಸೇರಿ ಹೋಗಿ, "ಆಟದ ಪಿರಿಯಡ್ ಆಟಕ್ಕೇ ಕೊಡ್ರಿ, ಬಿಡುವಿನಲ್ಲಿ ಮಕ್ಕಳನ್ನ ಒಳಗ ಕೂರಿಸಬ್ಯಾಡ್ರಿ" ಎಂದು ಕೇಳಿ. ತಂದೆತಾಯಿ ಬರೀ ಅಂಕ ಕೇಳಿದರೆ ಶಾಲೆ ಬರೀ ಅಂಕ ಕೊಡುತ್ತದೆ. ನಾವು ಆಟವನ್ನೂ ಕೇಳಿದರೆ ಆಟಕ್ಕೂ ಜಾಗ ಆಗುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಈ ವರ್ಷ ಶಾಲೆ ಫೀಸಿಗೆ ಎಷ್ಟು ಸಾಲ ಹೋಗಿದೆ? ಅದರಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟು?
2. ನಮ್ಮ ಮಗು ಬೆಳಗ್ಗೆಯಿಂದ ರಾತ್ರಿ ತನಕ ಎಷ್ಟು ತಾಸು ಕೂತಿರುತ್ತದೆ? ಎಷ್ಟು ತಾಸು ಆಡುತ್ತದೆ? ಎಷ್ಟು ತಾಸು ಮಲಗುತ್ತದೆ?
3. ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ? ಯಾರು ಯಾರಿಗೆ ಅರ್ಜಿ ಕೊಟ್ಟಿದ್ದಾರೆ?
4. ಮನೆಗೆಲಸಕ್ಕಾಗಿ ಹೆಣ್ಣುಮಗುವಿನ ಆಟ ನಿಲ್ಲಿಸುತ್ತಿದ್ದೇವೆಯೇ? ದಿನಕ್ಕೆ ಅರ್ಧ ತಾಸು ಅವಳಿಗೆ ಬಿಟ್ಟುಕೊಡಬಹುದೇ?

ಮುಂದಿನ ಸಭೆಗೆ ಮಾಡಿಕೊಂಡು ಬರುವ ಕೆಲಸ

ಪ್ರತಿ ಸದಸ್ಯೆ ತನ್ನ ಮಗುವಿಗೆ ಮೇಲಿನ ಪರೀಕ್ಷೆ ಮಾಡಿ ಬರಲಿ. ಮಗು ತಪ್ಪಿದರೆ ಹೊಡೆಯಬೇಡಿ. ಪರೀಕ್ಷೆ ಮಗುವಿಗಲ್ಲ, ಶಾಲೆಗೆ ಮತ್ತು ನಮಗೆ. ಇಬ್ಬರು ಸದಸ್ಯೆಯರು ಬಿಡುವಿನ ಹೊತ್ತಿಗೆ ಸರ್ಕಾರಿ ಶಾಲೆಗೆ, ಇನ್ನಿಬ್ಬರು ಹತ್ತಿರದ ಖಾಸಗಿ ಶಾಲೆಗೆ ಹೋಗಿ ಕಂಡದ್ದನ್ನು ಸಭೆಯಲ್ಲಿ ಹೇಳಲಿ. ಇನ್ನು ಮುಂದೆ ಫೀಸಿನ ಸಾಲದ ಅರ್ಜಿ ಬಂದಾಗ ಸಂಘ ಎರಡು ಪ್ರಶ್ನೆ ಕೇಳಲಿ: "ಮಗುವಿಗೆ ಓದಲು ಬರ್ತದಾ? ಮಗು ಆಡ್ತದಾ?" ಎರಡಕ್ಕೂ ಹೌದು ಎಂದರೆ ಸಂತೋಷದಿಂದ ಸಹಿ ಹಾಕೋಣ. ಇಲ್ಲ ಎಂದರೆ ಸಾಲ ಕೊಡುವ ಮೊದಲು ಆ ತಾಯಿಯ ಜೊತೆ ಶಾಲೆಗೆ ಹೋಗಿ ಬರೋಣ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆ ಹೇಳಿ ಮಕ್ಕಳನ್ನು ಬಗ್ಗಿಸಿ ಕೂರಿಸುತ್ತೇವೆ. ಗಿಡಕ್ಕೆ ಗಾಳಿ ಬೆಳಕೂ ಬೇಕು ಎಂಬುದು ಹೊಲದಲ್ಲಿ ದುಡಿಯುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮಕ್ಕಳು ಚೆನ್ನಾಗಿ ಓದಲಿ, ಹೊಟ್ಟೆ ತುಂಬ ಉಣ್ಣಲಿ, ಮೈ ತುಂಬ ಆಡಲಿ.